ಇಪ್ಪತ್ತನಾಲ್ಕು ಬಾರಿ ಹತ್ತು

ನಮ್ಮ ಭಾವನ ಉದ್ಯೋಗ ಏನೆಂದು ಯಾರಾದರೂ ಕೇಳಿದರೆ ನಾನು ಹೀಗೆ ಹೇಳುತ್ತೇನೆ: ಏನೂ ಆಗುತ್ತಿಲ್ಲ ಎಂಬುದನ್ನು ಇಪ್ಪತ್ತನಾಲ್ಕು ಗಂಟೆ ನೋಡುತ್ತ ಕೂತು, ಏನೂ ಆಗಲಿಲ್ಲ ಎಂದು ಬರೆದು ಸಹಿ ಹಾಕುವುದು. ಕೇಳಿದವರು ಸಾಮಾನ್ಯವಾಗಿ, "ಓ, ಸರ್ಕಾರಿ ಕೆಲಸವಾ?" ಎನ್ನುತ್ತಾರೆ.

ಅಲ್ಲ. ಭಾವ ಒಂದು ಗುತ್ತಿಗೆ ಕಂಪನಿಯಲ್ಲಿ ಪೈಪುಗಳ ಒತ್ತಡ ಪರೀಕ್ಷೆ ಮಾಡುವವರು. ಮನೆಯ ನಲ್ಲಿಗೆ ಹಾಕುವ ಪೈಪಲ್ಲ. ಔಷಧ ಕಾರ್ಖಾನೆ, ಡೈರಿ, ಶೈತ್ಯಾಗಾರ, ಆಸ್ಪತ್ರೆ, ಇಂಥ ಕಡೆ ಆವಿಯೋ ತಣ್ಣೀರೋ ಆಮ್ಲಜನಕವೋ ಓಡಾಡುವ ಪೈಪು. ಜೋಡಿಸುವವರು ಜೋಡಿಸಿ ಹೋದಮೇಲೆ ಅದರೊಳಗೆ ಅನಿಲ ತುಂಬಿ, ಎಲ್ಲ ಬಾಯಿಗಳನ್ನೂ ಮುಚ್ಚಿ, ಒಂದು ಗೇಜು ಸಿಕ್ಕಿಸಿ, ಒಂದು ಹಗಲು ಒಂದು ರಾತ್ರಿ ಕಾಯಬೇಕು. ಗೇಜಿನ ಸೂಜಿ ಇಳಿದರೆ ಎಲ್ಲೋ ಸೋರುತ್ತಿದೆ. ಇಳಿಯದಿದ್ದರೆ ಪೈಪು ಪಾಸು. ಗಂಟೆಗೊಮ್ಮೆ ಸೂಜಿ ಎಲ್ಲಿದೆ ಎಂದು ಹಾಳೆಯಲ್ಲಿ ಬರೆಯಬೇಕು, ಕೊನೆಯಲ್ಲಿ ಸಹಿ. ಆ ಸಹಿ ಬಿದ್ದಮೇಲೆ ಪೈಪು ಕಾಣದ ಹಾಗೆ ಕೋಣೆಯ ಒಳಚಾವಣಿ ಮುಚ್ಚುತ್ತಾರೆ, ಬಣ್ಣ ಬಳಿಯುತ್ತಾರೆ, ಪೈಪು ಇತ್ತೆಂಬುದನ್ನೇ ಜಗತ್ತು ಮರೆಯುತ್ತದೆ.

ಮೂವತ್ತೊಂದು ವರ್ಷದಿಂದ ಭಾವ ಇದನ್ನೇ ಮಾಡುತ್ತ ಬಂದಿದ್ದಾರೆ. ಕೆಲಸದ ಜಾಗದಲ್ಲಿ ಅವರಿಗೆ ಗೇಜಪ್ಪ ಎಂದೇ ಹೆಸರು. ಮಡಚುವ ಒಂದು ಕುರ್ಚಿ, ಒಂದು ಫ್ಲಾಸ್ಕು, ಜೇಬಿನಲ್ಲಿ ಎರಡು ಪೆನ್ನು. ಓದುವ ಮುಂಚೆ ಗೇಜಿನ ಗಾಜಿಗೆ ಉಗುರಿನಿಂದ ಎರಡು ಸಲ ಟಕ್ ಟಕ್ ಎಂದು ತಟ್ಟುತ್ತಾರೆ. ಸೂಜಿ ಎಲ್ಲಾದರೂ ಸಿಕ್ಕಿಕೊಂಡಿದ್ದರೆ ಬಿಡಲಿ ಎಂದು. ವರ್ಷಗಟ್ಟಲೆ ತಟ್ಟಿ ಅಭ್ಯಾಸವಾಗಿ ಮನೆಯ ಗಡಿಯಾರಕ್ಕೂ ತಟ್ಟುತ್ತಿದ್ದರು. ವೈದ್ಯರು ಅವರ ರಕ್ತದೊತ್ತಡ ನೋಡುವಾಗ ಆ ಯಂತ್ರಕ್ಕೂ ತಟ್ಟಿ ಒಮ್ಮೆ ಬೈಸಿಕೊಂಡಿದ್ದುಂಟು.

ಅವರಲ್ಲಿ ಜಂಬ ಅಂತ ಏನಾದರೂ ಇದ್ದರೆ ಅದೊಂದೇ ವಿಷಯದಲ್ಲಿ. ಕಂಪನಿಯಲ್ಲಿ ಮರುಪರೀಕ್ಷೆ ಫಾರಂ ಎಂಬುದೊಂದಿದೆ. ಒಮ್ಮೆ ಸಹಿ ಹಾಕಿದ ಪರೀಕ್ಷೆ ತಪ್ಪೆಂದು ಆಮೇಲೆ ಗೊತ್ತಾದರೆ, ಸಹಿ ಹಾಕಿದವನೇ ಅದನ್ನು ತುಂಬಬೇಕು. ಹೊಸದಾಗಿ ಸೇರಿದವರ ಮುಂದೆ ಭಾವ ಫ್ಲಾಸ್ಕಿನ ಮುಚ್ಚಳ ತಿರುವುತ್ತ ಹೇಳುತ್ತಿದ್ದರು: "ಮರುಪರೀಕ್ಷೆ ಫಾರಂ ಯಾವ ಬಣ್ಣದ್ದು ಅಂತಾನೇ ನಂಗೊತ್ತಿಲ್ಲಪ್ಪ."

ನಾನು ಅದೇ ಕಂಪನಿಯ ಕಚೇರಿಯಲ್ಲಿ ಕಾಗದಪತ್ರ ನೋಡಿಕೊಳ್ಳುವವನು. ಭಾವ ಕೈಯಲ್ಲಿ ಬರೆದದ್ದನ್ನು ಟೈಪು ಮಾಡಿ, ಇನ್ನೊಮ್ಮೆ ಸಹಿ ಹಾಕಿಸಿ, ಕಡತಕ್ಕೆ ಸೇರಿಸುತ್ತೇನೆ. ಅವರ ಕೆಲಸದಲ್ಲಿ ಏನೂ ಆಗುವುದಿಲ್ಲ. ನನ್ನ ಕೆಲಸದಲ್ಲಿ ಅದಕ್ಕೆ ಎರಡು ಪ್ರತಿ ಆಗುತ್ತದೆ.

ನಮ್ಮಕ್ಕ, ಅಂದರೆ ಭಾವನ ಹೆಂಡತಿ, ತೀರಿಕೊಂಡು ಈ ಸಂಗತಿ ನಡೆದಾಗ ಮೂರು ತಿಂಗಳಾಗಿತ್ತು. ಬೆಳಿಗ್ಗೆ ಟೀಗೆ ನೀರಿಟ್ಟವಳು ಅಡುಗೆಮನೆಯ ನೆಲದ ಮೇಲೆ ಕೂತಳು. ಮತ್ತೆ ಏಳಲಿಲ್ಲ. ಭಾವ ಮೊದಲು ಒಲೆ ಆರಿಸಿದರು, ಸಿಲಿಂಡರಿನ ತಿರುಗುಣಿ ಮುಚ್ಚಿದರು, ಆಮೇಲೆ ನನಗೆ ಫೋನು ಮಾಡಿ, "ಒಂದ್ಸಲ ಬಂದು ಹೋಗೋ" ಎಂದರು. ನಾನು ಸಂಜೆ ಬರ್ತೀನಿ ಭಾವ ಎಂದೆ. "ಈಗಲೇ ಬಂದ್ರೆ ಒಳ್ಳೇದಿತ್ತು" ಎಂದರು. ಅಷ್ಟೆ.

ಅವರು ಅಳಲಿಲ್ಲ. ಬಂದವರಿಗೆ ಕುರ್ಚಿ ಹಾಕಿದರು, ಕುರ್ಚಿ ಸಾಲದಾದಾಗ ತಮ್ಮ ಮಡಚುವ ಕುರ್ಚಿಯನ್ನೂ ತಂದಿಟ್ಟರು. ಐದನೆಯ ದಿನ ಕೆಲಸಕ್ಕೆ ಹೋದರು. ಅಕ್ಕ ಇಲ್ಲ ಎಂಬ ಮಾತನ್ನು ಅವರ ಬಾಯಿಂದ ಕೇಳಿದವರಿಲ್ಲ. ಹಾಲಿನವನಿಗೆ ಹೇಳಿದ್ದು, "ನಾಳೆಯಿಂದ ಅರ್ಧ ಲೀಟರ್ ಸಾಕು" ಎಂದು. ಅವನು ಪಕ್ಕದ ಮನೆಯವರಿಂದ ವಿಷಯ ತಿಳಿದು ಮರುದಿನ ಕಣ್ಣೊರೆಸಿಕೊಳ್ಳುತ್ತ ಬಂದಾಗ, ಇವರೇ ಅವನಿಗೆ ನೀರು ಕೊಟ್ಟು ಕೂರಿಸಿದರು.

ಮಗಳು ಮದುವೆಯಾಗಿ ಊರಿನ ಇನ್ನೊಂದು ತುದಿಯಲ್ಲಿದ್ದಾಳೆ. ವಾರಕ್ಕೆರಡು ಸಲ ನನಗೆ ಫೋನು ಮಾಡುತ್ತಿದ್ದಳು.

"ಮಾಮ, ಅಪ್ಪ ಹೇಗಿದಾರೆ?"

"ಕಲ್ಲುಗುಂಡಿನ ಹಾಗಿದಾರಮ್ಮ."

"ಸದ್ಯ" ಎನ್ನುತ್ತಿದ್ದಳು. ನಾನೂ ಸದ್ಯ ಎನ್ನುತ್ತಿದ್ದೆ. ಅವರ ಗಟ್ಟಿತನವನ್ನು ನಾವೆಲ್ಲ ಸೇರಿ ಬಹಳ ಮೆಚ್ಚಿಕೊಂಡೆವು. ಮೆಚ್ಚಿಕೊಂಡರೆ ಹೋಗಿ ನೋಡುವ ಕೆಲಸ ಕಡಿಮೆಯಾಗುತ್ತದೆ.

ಹೀಗಿರುವಾಗ ಆ ಆಸ್ಪತ್ರೆಯ ಕೆಲಸ ಬಂತು. ಹೊಸ ಕಟ್ಟಡ, ಮೂರು ಅಂತಸ್ತು, ಮೇಲಿನ ಅಂತಸ್ತಿನಲ್ಲಿ ನಾಲ್ಕು ಶಸ್ತ್ರಚಿಕಿತ್ಸಾ ಕೋಣೆ. ಆಮ್ಲಜನಕದ ಪೈಪು ನೆಲಮಹಡಿಯ ಅನಿಲದ ಕೋಣೆಯಿಂದ ಹೊರಟು, ಗೋಡೆ ಹತ್ತಿ, ತಾರಸಿಯ ಮೇಲೆ ಬಿಸಿಲಿನಲ್ಲಿ ಉದ್ದಕ್ಕೆ ಓಡಿ, ಒಂದೊಂದು ಕೋಣೆಗೂ ಇಳಿಯುತ್ತದೆ. ಶುಕ್ರವಾರ ಉದ್ಘಾಟನೆ. ಪರೀಕ್ಷೆ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಶುರುವಾಗಿ ಮಂಗಳವಾರ ಒಂಬತ್ತಕ್ಕೆ ಮುಗಿಯಿತು. ಭಾವ ಸಹಿ ಹಾಕಿ ಮನೆಗೆ ಹೋದರು.

ಹಾಳೆ ಕಚೇರಿಗೆ ಬಂದಾಗ ಮ್ಯಾನೇಜರು ಅದನ್ನು ಎರಡು ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಒಡ್ಡಿ ನೋಡಿದರು. ನಮ್ಮ ಮ್ಯಾನೇಜರಿಗೆ ಬಿಳಿ ಹೆಲ್ಮೆಟ್ ಎಂದು ಹೆಸರು. ಕಚೇರಿಯಲ್ಲಿ ಅವರ ತಲೆಯ ಮೇಲೆ ಬೀಳಬಹುದಾದದ್ದು ಏಸಿಯ ಗಾಳಿ ಮಾತ್ರ, ಆದರೂ ಹೆಲ್ಮೆಟ್ ತೆಗೆಯುವವರಲ್ಲ.

"ನೋಡ್ರೀ ಇದು ಹಾಳೆ ಅಂದ್ರೆ" ಎಂದರು. "ಹತ್ತು, ಹತ್ತು, ಹತ್ತು, ಹತ್ತು. ಇಪ್ಪತ್ನಾಲ್ಕು ಗಂಟೆ, ಇಪ್ಪತ್ನಾಲ್ಕು ಸಲ ಹತ್ತು. ಒಂದು ಚೂರು ಆಚೆ ಈಚೆ ಇಲ್ಲ. ಹೊಸಬರಿಗೆ ತೋರಿಸೋಕೆ ಇದಕ್ಕೆ ಗಾಜಿನ ಕಟ್ಟು ಹಾಕಿಸ್ಬೇಕು. ನನ್ನ ಕೈಕೆಳಗೆ ಎಂಥ ಕೆಲಸ ಆಗ್ತದೆ ಅಂತ ಗೊತ್ತಾಗ್ಲಿ." ಫೋಟೋ ತೆಗೆದು ಆಸ್ಪತ್ರೆಯ ಮಾಲೀಕರಿಗೆ ಕಳಿಸಿಯೂ ಆಯಿತು. "ಟೈಪು ಮಾಡಿ ಸಂಜೆಯೊಳಗೆ ಸಹಿ ಹಾಕಿಸ್ಕೊಂಡು ಬನ್ನಿ. ನಾಳೆ ಬೆಳಿಗ್ಗೆ ಚಾವಣಿ ಮುಚ್ಚಿಸ್ತೀನಿ."

ಟೈಪು ಮಾಡುವುದು ನನಗೂ ಸುಲಭವಾಯಿತು. ಒಂದು ಹತ್ತು ಹೊಡೆದು ಇಪ್ಪತ್ತಮೂರು ಸಲ ನಕಲು ಮಾಡಿದೆ. ಮಧ್ಯಾಹ್ನ ಎರಡಕ್ಕೆ ಭಾವನ ಮನೆಗೆ ಹೋದೆ.

ಅವರ ಮನೆಯ ಮೇಲಿನ ಕೋಣೆಗೆ ತಗಡಿನ ಮಾಡು. ಭಾವ ಅಲ್ಲಿ ಮಲಗಿ ಎದ್ದು ಕೂತಿದ್ದರು. ಮಂಚದ ಅರ್ಧದಲ್ಲಿ ಹಾಸಿಗೆ ಕೆದರಿತ್ತು, ಇನ್ನರ್ಧದಲ್ಲಿ ಹೊದಿಕೆ ಮಡಚಿಟ್ಟಂತೆಯೇ ಇತ್ತು.

"ಊಟ ಆಯ್ತಾ ಭಾವ?"

"ಆಗಿರ್ಬೇಕು" ಎಂದರು.

ಕಾಗದ ಕೊಟ್ಟೆ. ಪೆನ್ನು ತೆಗೆದು ಮಂಡಿಯ ಮೇಲೆ ಕಾಗದ ಇಟ್ಟುಕೊಂಡರು. ಹೆಸರಿನ ಮೊದಲ ಅಕ್ಷರ ಬರೆದರು. ಅಷ್ಟರಲ್ಲಿ ತಲೆಯ ಮೇಲೆ ತಗಡು ಟಣ್ ಎಂದಿತು. ಬಿಸಿಲು ಏರಿದಾಗ ತಗಡು ಹಿಗ್ಗುವ ಸದ್ದು. ಆ ಮನೆಯಲ್ಲಿ ದಿನಾ ಇದ್ದದ್ದೇ. ಇನ್ನೊಮ್ಮೆ ಟಣ್. ಭಾವನ ಪೆನ್ನು ನಿಂತಿತು.

"ನಿಮ್ಮಕ್ಕ ಬಯ್ಯೋಳು" ಎಂದರು.

ನನಗೆ ನೆನಪಿತ್ತು. ಬೇಸಿಗೆಯ ಮಧ್ಯಾಹ್ನ ತಗಡು ಸದ್ದು ಮಾಡಿದಾಗಲೆಲ್ಲ ಅಕ್ಕ ಮೆಟ್ಟಿಲ ಕೆಳಗಿನಿಂದ ಕೂಗುತ್ತಿದ್ದಳು: "ಕೇಳಿಸ್ತೇನ್ರೀ? ಬಿಸಿಲು ತಾಗಿದ್ರೆ ತಗಡೂ ಮೈ ಮುರೀತದೆ. ನಿಮಗೆ ಮಾತ್ರ ಏನೂ ತಾಗಲ್ಲ, ಅಲ್ವಾ?" ಭಾವ ಅದಕ್ಕೆ ಹೂಂ ಎನ್ನುತ್ತಿದ್ದರು. ಆ ಮನೆಯ ಪ್ರೇಮಸಲ್ಲಾಪ ಅದು.

ಈಗ ಭಾವ ಕಾಗದವನ್ನು ಮಂಡಿಯಿಂದ ಎತ್ತಿ ಓದಿದರು. ಮೇಲಿಂದ ಕೆಳಗೆ ಒಂದೊಂದು ಹತ್ತನ್ನೂ ಬೆರಳಿಟ್ಟು ಓದಿದರು.

"ಮಧ್ಯಾಹ್ನ ಎರಡಕ್ಕೂ ಹತ್ತೇನಾ?"

"ನೀವೇ ಬರೆದದ್ದು ಭಾವ."

"ಬೆಳಗಿನ ಜಾವ ಐದಕ್ಕೂ?"

"ಎಲ್ಲಾ ಹತ್ತೇ. ಬಿಳಿ ಹೆಲ್ಮೆಟ್ಟು ಕಟ್ಟು ಹಾಕಿಸ್ತಾರಂತೆ."

"ಪೈಪು ತಾರಸಿ ಮೇಲಿದೆ ಕಣೋ" ಎಂದರು. "ಬಿಸಿಲಿಗೆ ಒಳಗಿನ ಅನಿಲ ಕಾಯ್ತದೆ. ಕಾದ್ರೆ ಸೂಜಿ ಒಂಚೂರು ಏರ್ಬೇಕು. ಬೆಳಗಿನ ಜಾವ ತಣ್ಣಗಾದ್ರೆ ಒಂಚೂರು ಇಳೀಬೇಕು. ಸರಿಯಾಗಿರೋ ಪೈಪಿನ ಸೂಜಿ ಹಗಲೂ ರಾತ್ರಿ ಒಂದೇ ಕಡೆ ನಿಲ್ಲಲ್ಲ."

"ಹಾಗಾದ್ರೆ?"

"ನಾನು ಪೈಪು ನೋಡ್ಲಿಲ್ಲ. ಬರೀ ಗೇಜು ನೋಡ್ಕೊಂಡು ಕೂತಿದ್ದೆ." ಪೆನ್ನಿಗೆ ಮುಚ್ಚಳ ಹಾಕಿ, ಎದ್ದು ಅಂಗಿ ತೊಟ್ಟರು. "ಗಾಡಿ ತಂದಿದೀಯಾ?"

ಆಸ್ಪತ್ರೆಯ ಮುಂದೆ ಬಾಗಿಲಿಗೆ ಹೂಕುಂಡ ಜೋಡಿಸುತ್ತಿದ್ದರು. ಅನಿಲದ ಕೋಣೆ ನೆಲಮಹಡಿಯಲ್ಲಿ ಹಿಂದುಗಡೆ. ಕಿಟಕಿಯಿಲ್ಲ, ಯಾವಾಗಲೂ ತಂಪು. ಗೇಜು ಹತ್ತರಲ್ಲೇ ನಿಂತಿತ್ತು. ಗೇಜಿಗೂ ಪೈಪಿಗೂ ನಡುವೆ ಹೆಬ್ಬೆರಳಿನಷ್ಟು ಒಂದು ಕಾಕ್ ಇರುತ್ತದೆ. ಅದರ ಹಿಡಿ ಪೈಪಿನ ಉದ್ದಕ್ಕಿದ್ದರೆ ತೆರೆದಿದೆ, ಅಡ್ಡಕ್ಕಿದ್ದರೆ ಮುಚ್ಚಿದೆ. ಇದು ಈ ಕೆಲಸಕ್ಕೆ ಬಂದವರಿಗೆ ಮೊದಲ ದಿನ ಹೇಳಿಕೊಡುವ ಪಾಠ.

ಹಿಡಿ ಅಡ್ಡಕ್ಕಿತ್ತು.

ಆದದ್ದು ಇಷ್ಟು. ಅನಿಲ ತುಂಬುವಾಗ ಒತ್ತಡ ಎಗರಿ ಎಗರಿ ಬರುತ್ತದೆ. ಆ ಪೆಟ್ಟು ಸೂಜಿಗೆ ತಾಗದಿರಲೆಂದು ಭಾವ ಕಾಕ್ ಮುಚ್ಚಿಟ್ಟು ತುಂಬುತ್ತಾರೆ, ಆಗಾಗ ತೆರೆದು ನೋಡಿ ಮತ್ತೆ ಮುಚ್ಚುತ್ತಾರೆ. ಬೇರೆಯವರು ಇಷ್ಟು ನಾಜೂಕು ಮಾಡುವುದಿಲ್ಲ. ಗೇಜಿನ ಮೇಲೆ ಕರುಣೆ ಇರುವವರು ಮಾತ್ರ ಮಾಡಬಲ್ಲ ತಪ್ಪು ಇದು. ಹತ್ತು ಬಂದಮೇಲೆ ಮುಚ್ಚಿದ್ದಾರೆ, ತುಂಬುವ ಕೊಳವೆ ಬಿಚ್ಚಿದ್ದಾರೆ, ಮತ್ತೆ ತೆರೆಯಬೇಕಾದವರು ತೆರೆದಿಲ್ಲ. ಒಳಗೆ ಸಿಕ್ಕಿಕೊಂಡ ಒಂದು ಚಿಟಿಕೆ ಅನಿಲದ ಮೇಲೆ ಸೂಜಿ ಹಾಯಾಗಿ ಹತ್ತರಲ್ಲಿ ಕೂತುಬಿಟ್ಟಿದೆ. ಪೈಪಿನಲ್ಲಿ ಏನಾದರೂ ಆಗಲಿ, ಅದಕ್ಕೆ ಸುದ್ದಿಯೇ ಇಲ್ಲ. ಅದರ ಎದುರು ನಮ್ಮ ಭಾವ ಇಪ್ಪತ್ತನಾಲ್ಕು ಗಂಟೆ ಕೂತು, ಗಂಟೆಗೆರಡು ಸಲ ಟಕ್ ಟಕ್ ತಟ್ಟಿ, ಹತ್ತು ಎಂದು ಬರೆದಿದ್ದಾರೆ.

ಭಾವ ಹಿಡಿಯನ್ನು ಉದ್ದಕ್ಕೆ ತಿರುಗಿಸಿದರು. ಸೂಜಿ ಹತ್ತರಿಂದ ಇಳಿಯಿತು. ಒಂಬತ್ತು, ಎಂಟು, ಏಳು. ಆರೂವರೆಯಲ್ಲಿ ನಿಂತಿತು.

"ಹ್ಞಾಂ" ಎಂದರು ಭಾವ.

ಬಿಳಿ ಹೆಲ್ಮೆಟ್ಟಿಗೆ ನಾನೇ ಫೋನು ಮಾಡಿದೆ. ಅರ್ಧ ಗಂಟೆಯಲ್ಲಿ ಬಂದರು. ಗೇಜು ನೋಡಿದರು, ಕೋಣೆಯ ಬಾಗಿಲು ಒಳಗಿನಿಂದ ಮುಚ್ಚಿದರು.

"ಯಾರ್ಯಾರಿಗೆ ಗೊತ್ತು?"

"ನಾವು ಮೂರು ಜನ" ಎಂದೆ.

"ಸರಿ ಬಿಡಿ, ತಲೆ ಕೆಡಿಸ್ಕೊಳ್ಳೋದು ಬೇಡ." ಅವರ ದನಿ ಒಮ್ಮೆಲೇ ಮೆತ್ತಗಾಯಿತು. "ಸೋರ್ತಿರೋದು ಎಲ್ಲಿ ಅಂತ ಹುಡುಕಿ, ಬೆಸುಗೆ ಹಾಕ್ಸಿ, ಮುಗೀತು. ಹಾಳೆ ಆ ಹಾಳೆಯೇ ಇರ್ಲಿ. ನಾಳೆ ಚಾವಣಿ ಮುಚ್ಲೇಬೇಕು ನಂಗೆ."

"ಬೆಸುಗೆ ಹಾಕಿದ್ಮೇಲೆ ಮತ್ತೆ ಇಪ್ಪತ್ನಾಲ್ಕು ಗಂಟೆ ನೋಡ್ಬೇಕು ಸರ್."

"ಒಂದು ಗಂಟೆ ನೋಡಿ. ಸಾಕು."

"ಆ ಹಾಳೆ ಸುಳ್ಳು ಸರ್."

"ಸುಳ್ಳು ಯಾಕ್ರೀ ಅಂತೀರಾ? ಒಂದು ಕಾಕ್ ಮುಚ್ಚಿತ್ತು, ಅಷ್ಟೆ. ಮಾಲೀಕರು ನೋಡಿ ಭೇಷ್ ಅಂದಿದಾರೆ. ಈಗ ಹೋಗಿ ನಾನು ಏನಂತ ಹೇಳ್ಲಿ? ಕಾರ್ಡು ಹಂಚಿ ಆಗಿದೆ." ಆಮೇಲೆ ಹೆಲ್ಮೆಟ್ ತೆಗೆದರು. ಅವರಿಗೆ ಕೂದಲು ಇದೆಯೆಂದು ನನಗೆ ಆಗಲೇ ತಿಳಿದದ್ದು. "ನಿಮ್ಮ ಹೆಸರಿನ ಬಗ್ಗೆ ಯೋಚಿಸಿ. ಮೂವತ್ತೊಂದು ವರ್ಷ. ಒಂದು ಮರುಪರೀಕ್ಷೆ ಇಲ್ಲ. ಈಗ ರಿಟೈರಾಗೋ ಕಾಲಕ್ಕೆ ಯಾಕೆ?"

ಭಾವ ಗೇಜನ್ನೇ ನೋಡುತ್ತಿದ್ದರು. ಕೋಪವಿರಲಿಲ್ಲ, ಹಟವೂ ಇರಲಿಲ್ಲ. ಬಸ್ಸಿನ ಹೊತ್ತು ಹೇಳುವವರ ದನಿಯಲ್ಲಿ ಹೇಳಿದರು: "ಈ ಪೈಪಿನ ಆ ತುದೀಲಿ ಯಾರದೋ ಮೂಗು ಇರ್ತದೆ ಸರ್. ಮೂಗಿಗೆ ನನ್ನ ಹೆಸರು ಗೊತ್ತಿರಲ್ಲ."

ನಂತರ ನನ್ನ ಕೈಯಲ್ಲಿದ್ದ ಟೈಪು ಮಾಡಿದ ಕಾಗದ ತೆಗೆದುಕೊಂಡು, ಅದರ ಮೇಲಿದ್ದ ತಮ್ಮ ಹೆಸರಿನ ಒಂದಕ್ಷರವನ್ನು ಒಳಗೆ ಮಾಡಿ ನಾಲ್ಕಾಗಿ ಮಡಚಿ, ಹರಿದರು. "ಮರುಪರೀಕ್ಷೆ ಫಾರಂ ತಂದ್ಕೊಡೋ" ಎಂದರು.

ಬುಧವಾರ ಬೆಳಿಗ್ಗೆ ಭಾವ ಸೋಪುನೀರಿನ ಬಕೆಟ್ಟು, ಬ್ರಷ್ಷು ಹಿಡಿದು ಒಂದೊಂದು ಜೋಡಣೆಗೂ ಬಳಿಯುತ್ತ ಹೊರಟರು. ಬಳಿದಲ್ಲಿ ಗುಳ್ಳೆ ಎದ್ದರೆ ಅಲ್ಲಿ ಸೋರುತ್ತಿದೆ ಎಂದು ಅರ್ಥ. ಜೊತೆಗೆ ಬೆಸುಗೆ ಮೇಸ್ತ್ರಿ, ಏಣಿ ಹತ್ತುತ್ತಲೇ ಶುರುಮಾಡಿದ.

"ಗೇಜಪ್ಪನವರೇ, ನನ್ನ ಬೆಸುಗೆ ಸೋರೋದು ಅಂದ್ರೆ ಅದು ಆಗೋಹೋಗೋ ಮಾತಲ್ಲ. ಪೈಪೇ ಸರಿ ಇಲ್ಲದಿರ್ಬೇಕು. ಇಲ್ಲಾ ನಿಮ್ಮ ಗೇಜು ಸುಳ್ಳು ಹೇಳ್ತಿರ್ಬೇಕು."

"ಹೇಳಿ ಆಯ್ತು ಅದು. ನೀನು ಬಳಿ."

"ಇದು ನೋಡಿ, ಗಟ್ಟಿ. ಇದು ನೋಡಿ, ಇನ್ನೂ ಗಟ್ಟಿ. ನನ್ನ ಹೆಂಡ್ತಿನೇ ಹೇಳ್ತಾಳೆ, ನೀನು ಅಂಟಿಸಿದ್ದು ಬಿಡೋದೇ ಇಲ್ಲ ಅಂತ."

"ಏನು ಅಂಟಿಸಿದ್ದೆ?"

"ಅವಳ ಚಪ್ಪಲಿ. ನೆಲಕ್ಕೆ ಅಂಟ್ಕೊಂಡಿತ್ತು."

ಮೂರನೆಯ ಶಸ್ತ್ರಚಿಕಿತ್ಸಾ ಕೋಣೆಯ ಮೇಲೆ, ತೆರೆದ ಚಾವಣಿಯ ನಡುವೆ, ಮೇಸ್ತ್ರಿಯ ಬ್ರಷ್ಷೂ ಬಾಯಿಯೂ ಒಟ್ಟಿಗೆ ನಿಂತವು. ಮೇಜಿನ ನೇರಕ್ಕೆ ಇಳಿಯುವ ತಿರುವಿನಲ್ಲಿ ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತಿದ್ದವು. ಸದ್ದಿಲ್ಲ, ಆತುರವಿಲ್ಲ.

"ಅದು ನಾನು ಹಾಕಿದ್ದಲ್ಲ ಅನ್ಸುತ್ತೆ" ಎಂದ ಮೇಸ್ತ್ರಿ.

ಮತ್ತೆ ಬೆಸುಗೆ ಹಾಕಿ, ಆರಿಸಿ, ಮಧ್ಯಾಹ್ನ ಹನ್ನೆರಡಕ್ಕೆ ಮತ್ತೆ ಅನಿಲ ತುಂಬಿ, ಈ ಬಾರಿ ಹಿಡಿ ಉದ್ದಕ್ಕಿದೆ ಎಂದು ನನ್ನಿಂದಲೂ ಒಮ್ಮೆ ನೋಡಿಸಿ, ಭಾವ ಕುರ್ಚಿ ಬಿಡಿಸಿ ಕೂತರು. ಗುರುವಾರ ಹನ್ನೆರಡಕ್ಕೆ ಮುಗಿಯಿತು. ಚಾವಣಿ ತಡವಾಗಿ ಉದ್ಘಾಟನೆ ಶುಕ್ರವಾರದಿಂದ ಭಾನುವಾರಕ್ಕೆ ಹೋಯಿತು. ಬಿಳಿ ಹೆಲ್ಮೆಟ್ಟು ಹೊಸ ಹಾಳೆ ನೋಡಿ ಮೂಗು ಮುರಿದರು. ಹತ್ತು, ಹತ್ತು ಪಾಯಿಂಟ್ ಒಂದು, ಹತ್ತು ಪಾಯಿಂಟ್ ಎರಡು; ಸಂಜೆ ಮತ್ತೆ ಹತ್ತು; ಬೆಳಗಿನ ಜಾವ ಒಂಬತ್ತು ಪಾಯಿಂಟ್ ಎಂಟು; ಬಿಸಿಲೇರಿದಂತೆ ಮತ್ತೆ ಹತ್ತು. "ಏನ್ರೀ ಇದು, ಜ್ವರ ಬಂದೋರ ಚಾರ್ಟಿನ ಹಾಗಿದೆ" ಎಂದರು. ಕಟ್ಟು ಹಾಕಿಸುವ ಮಾತೆತ್ತಲಿಲ್ಲ.

ಮರುಪರೀಕ್ಷೆ ಫಾರಮ್ಮನ್ನು ನಾನು ಅದೇ ಗುರುವಾರ ಹುಡುಕಿ ತಂದೆ. ಭಾವ ಅದನ್ನು ತಿರುಗಿಸಿ ನೋಡಿದರು.

"ಹಳದೀನಾ?"

"ಹಳದಿ ಭಾವ."

"ಹಸಿರಿರಬಹುದು ಅಂದ್ಕೊಂಡಿದ್ದೆ."

ಅದರಲ್ಲಿ 'ಕಾರಣ' ಎಂದು ಒಂದು ಚೌಕವಿದೆ. ಗೇಜಿನ ದೋಷ ಎಂದು ಬರೆದರೆ ಸಾಕು ಎಂದು ಮ್ಯಾನೇಜರು ಹೇಳಿ ಕಳಿಸಿದ್ದರು. ಭಾವ ಬರೆದರು: 'ಗೇಜಿನ ಕಾಕ್ ತೆರೆಯಲು ಮರೆತೆ. ಆಗ ಒಂದು ಫೋನು ಬಂದಿತ್ತು.' ಸ್ವಲ್ಪ ಹೊತ್ತು ನೋಡಿ ಎರಡನೆಯ ವಾಕ್ಯಕ್ಕೆ ಗೆರೆ ಎಳೆದರು. ಗೆರೆ ಎಳೆದಲ್ಲಿ ಪಕ್ಕಕ್ಕೆ ಸಣ್ಣ ಸಹಿ ಹಾಕಿದರು; ಕಾಗದದಲ್ಲಿ ಏನಾದರೂ ಹೊಡೆದುಹಾಕಿದರೆ ಹಾಗೆ ಮಾಡಬೇಕೆಂಬುದು ಕ್ರಮ.

"ಯಾರ ಫೋನು ಭಾವ?"

"ಕನ್ನಡಕದಂಗಡಿಯವ್ರು. ನಿಮ್ಮಕ್ಕ ಕನ್ನಡಕ ಮಾಡಕ್ಕೆ ಕೊಟ್ಟಿದ್ಳಂತೆ. ರೆಡಿಯಾಗಿ ಮೂರು ತಿಂಗಳಾಯ್ತು, ತಗೊಂಡು ಹೋಗಿ ಅಂದ್ರು."

"ನೀವೇನಂದ್ರಿ?"

"ಆಯ್ತು ಅಂದೆ."

ಅವತ್ತು ಸಂಜೆಯೇ ಇಬ್ಬರೂ ಹೋದೆವು. ಚಿಕ್ಕ ಅಂಗಡಿ, ನಾಲ್ಕೂ ಗೋಡೆಗೆ ಕನ್ನಡಿ. ಎಲ್ಲಿ ನೋಡಿದರೂ ನಾವೇ ಇದ್ದೆವು. ಅಂಗಡಿಯವರು ಡಬ್ಬಿ ತೆರೆದು ಕಂದು ಅಂಚಿನ ಕನ್ನಡಕ ತೆಗೆದು ಬಟ್ಟೆಯಲ್ಲಿ ಒರೆಸಿದರು.

"ಮೇಡಂಗೆ ಹೇಳಿ ಸರ್, ಮೊದ್ಲು ಎರಡು ದಿನ ಸ್ವಲ್ಪ ತಲೆ ಸುತ್ತಿದ ಹಾಗಾಗಬಹುದು. ಮೆಟ್ಟಿಲು ಇಳಿಯುವಾಗ ಹುಷಾರು. ಆಮೇಲೆ ಅಭ್ಯಾಸ ಆಗ್ತದೆ."

"ಹೂಂ" ಎಂದರು ಭಾವ.

ಅಂಗಡಿಯವರು ಒಂದು ಪುಸ್ತಕ ತಿರುಗಿಸಿ ಮುಂದಿಟ್ಟು ಬೆರಳು ತೋರಿಸಿದರು. "ಇಲ್ಲೊಂದು ಸಹಿ ಸರ್."

ಭಾವ ಪೆನ್ನಿನ ಮುಚ್ಚಳ ತೆಗೆದರು. ಸಹಿ ಹಾಕುವ ಗೆರೆಯ ಮೇಲೆ ಅಚ್ಚಾಗಿದ್ದ ಸಾಲನ್ನು ಓದಿದರು. 'ಕನ್ನಡಕ ಹಾಕಿ ನೋಡಿ, ಸರಿಯಾಗಿದೆ ಎಂದು ಪರೀಕ್ಷಿಸಿ ಪಡೆದಿದ್ದೇನೆ.' ಇನ್ನೊಮ್ಮೆ ಓದಿದರು. ಪೆನ್ನು ಕೆಳಗಿಟ್ಟರು.

"ಇದಕ್ಕೆ ಸಹಿ ಹಾಕಕ್ಕಾಗಲ್ಲ."

"ಯಾಕೆ ಸರ್? ಬರೀ ರೂಢಿಗೆ ಅದು. ಯಾರೂ ಓದಲ್ಲ."

"ಹಾಕಿ ನೋಡೋರು ಇಲ್ಲ" ಎಂದರು ಭಾವ. ಆಮೇಲೆ, ಅದೇ ದನಿಯಲ್ಲಿ, "ನನ್ನ ಹೆಂಡತಿ ತೀರಿಕೊಂಡಳು. ಮೂರು ತಿಂಗಳಾಯ್ತು."

ಅಂಗಡಿಯವರ ಕೈಯಲ್ಲಿ ಒರೆಸುವ ಬಟ್ಟೆ ಹಾಗೇ ಉಳಿಯಿತು. ಅವರು ಪುಸ್ತಕವನ್ನು ತಮ್ಮ ಕಡೆಗೆಳೆದುಕೊಂಡು ಆ ಸಾಲಿಗೆ ಉದ್ದಕ್ಕೆ ಗೆರೆ ಹೊಡೆದರು. ಮೇಲೆ, 'ಪರೀಕ್ಷಿಸಿಲ್ಲ. ಪಡೆದಿದ್ದಾರೆ' ಎಂದು ಬರೆದರು. ಪುಸ್ತಕವನ್ನು ಮತ್ತೆ ಭಾವನ ಕಡೆಗೆ ತಿರುಗಿಸಿದರು.

ಭಾವ ಅದನ್ನು ಓದಿ ತಲೆಯಾಡಿಸಿದರು.

"ಗೆರೆ ಎಳೆದ ಕಡೆ ನಿಮ್ಮದೂ ಒಂದು ಸಣ್ಣ ಸಹಿ ಇರ್ಲಿ" ಎಂದರು.

ಅವರು ಹಾಕಿದರು. ಆಮೇಲೆ ಭಾವ ಹಾಕಿದರು.